ಬಿಸಿಯಾಗಿದ್ದ ಬಾನೆಟ್ಟು

ಬೆಟಗೇರಿ
೨೦ ಜುಲೈ ೨೦೨೫, ರವಿವಾರ

ನನ್ನ ಪ್ರೀತಿಯ ಅಪ್ಪಾ,

ಈ ಸಲ ಪಂಚಮಿಗೆ ನಿಮ್ಮ ಮಗಳು ಸ್ವಂತ ಕಾರಿನಲ್ಲಿ ವಿಜಯಪುರಕ್ಕೆ ಬರುತ್ತಾಳೆ! ಮೊದಲು ನಮಸ್ಕಾರ ಬರೆಯಬೇಕಿತ್ತು, ತಡೆಯಲಾಗಲಿಲ್ಲ. ನಿಮ್ಮ ಮೊಣಕಾಲು ನೋವು ಹೇಗಿದೆ? ಅಮ್ಮ ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲವಷ್ಟೆ? ಫೋನ್ ಮಾಡಬಹುದಿತ್ತು, ಆದರೆ ಎರಡು ಕೋಣೆಯ ಮನೆ, ಪಿಸುಗುಟ್ಟಿದರೂ ಅತ್ತೆಗೆ ಕೇಳಿಸುತ್ತದೆ. ಇಂಗ್ಲಿಷ್ ಶಾಲೆಯವಳ ಕಾಗುಣಿತ ನೋಡಿ ನಗಬೇಡಿ.

ಕಾರು ಬಿಳಿಯದು, ಎಷ್ಟು ಮುದ್ದಾಗಿದೆ ಗೊತ್ತೇ! ಹದಿಮೂರು ವರ್ಷ ಹಳೆಯದು. ಅಡರಕಟ್ಟಿಯ ಹೇಮಪ್ಪನವರದು, ಮಾವನವರು ಇದ್ದಾಗಿನಿಂದ ಪರಿಚಯ. ನಿನ್ನೆ ನಾನು, ಸಂಜೀವ, ಅತ್ತೆ ನೋಡಲು ಹೋಗಿದ್ದೆವು. ಹೇಮಪ್ಪನವರು ಕಾರಿನ ಹತ್ತಿರವೂ ಬಿಡಲಿಲ್ಲ. “ಗಾಡಿ ಎಲ್ಲಿ ಓಡಿ ಹೊಕ್ಕೈತ್ರಿ? ಮೊದಲ ಉಣ್ರಿ” ಎಂದು ಹೋಳಿಗೆಯ ಮೇಲೆ ಹೋಳಿಗೆ ಬಡಿಸಿದರು. ನಾಲ್ಕು ದಿನದಿಂದ ಗಾಡಿ ಹೊರಗೆ ತೆಗೆದಿಲ್ಲ ಎಂದೂ ಹೇಳಿದರು. ಕೈ ತೊಳೆದದ್ದೇ ತಡ, ಅತ್ತೆ “ದಿನಾ ಛಲೋ ಅದ. ಹೊಸಾ ಸೊಸಿ ಇದ್ದಾಳ, ಅಕೀನ ಕುಂಕುಮ ಹಚ್ಚಲಿ” ಎಂದು ಭರಣಿ ಕೊಟ್ಟರು. ನಾನು ಬಗ್ಗಿ ಎಡಗೈ ಬಾನೆಟ್ಟಿನ ಮೇಲೆ ಊರಿದೆ. ಅಪ್ಪಾ, ಕೈ ಸುಟ್ಟಿತು. ಕಾರು ನಿಂತದ್ದು ಬೇವಿನ ಮರದ ನೆರಳಲ್ಲಿ!

ನೀವು ಮೂವತ್ತು ವರ್ಷ ಆಫೀಸಿನ ಜೀಪು ಓಡಿಸಿದವರು. “ಬಾನೆಟ್ ಬಿಸಿ ಇದ್ರ, ತಣ್ಣಗಿದ್ದಾಗ ಚಾಲೂ ಆಗೂದಿಲ್ಲ ಅನ್ನೂದನ್ನ ಮುಚ್ಚಿಡಾಕ ಮೊದಲ ಬಿಸಿ ಮಾಡ್ಯಾರ ಅಂತ ತಿಳೀವಾ” ಎನ್ನುತ್ತಿದ್ದಿರಿ. ಬೇಕೆಂದೇ ಭರಣಿಯ ಮುಚ್ಚಳ ಬೀಳಿಸಿ, ಹುಡುಕುವ ನೆಪದಲ್ಲಿ ಕೆಳಗೆ ನೋಡಿದೆ. ಮಣ್ಣಿನಲ್ಲಿ ಎಣ್ಣೆಯ ಕಲೆ. ಒಳಗೆ ಕೂತು ಕಾಲಿನಿಂದ ಮ್ಯಾಟ್ ಸರಿಸಿದರೆ ತಗಡು ತುಕ್ಕು ಹಿಡಿದಿತ್ತು. ಸಂಜೀವ ಓಡಿಸುವಾಗ ಹಿಂದೆ ನೀಲಿ ಹೊಗೆ. ಅವರಿಗೆ ಅದೊಂದೂ ಕಾಣಲಿಲ್ಲ, ಸುಮ್ಮಸುಮ್ಮನೆ ಹಾರ್ನ್ ಒತ್ತುತ್ತ ನಗುತ್ತಿದ್ದರು.

ಬರುವಾಗ, ಬೆಟಗೇರಿಯಲ್ಲಿ ಗಾಡಿ ರಿಪೇರಿ ಮಾಡುವ ಇನಾಯತ ಮಿಸ್ತ್ರಿಗೆ ಒಮ್ಮೆ ತೋರಿಸೋಣವೇ ಎಂದೆ. “ಉಂಡ ಮನೀಗೆ ಮಿಸ್ತ್ರೀನ್ನ ಕರಕೊಂಡು ಹೋದ್ರ ಅವರ ಮಾರಿ ಹ್ಯಾಂಗ ನೋಡೂದು? ನಿಮ್ಮಪ್ಪನ ಮುಂದ ಕಾರಿನಿಂದ ಇಳೀಬೇಕಂತ ನನಗ ಎಷ್ಟ ಆಸೆ ಅದ ಗೊತ್ತೇನ?” ಎಂದರು ಸಂಜೀವ. ಬುಧವಾರ ಕಾಗದಪತ್ರಕ್ಕೆ ಸಹಿ. ಪಂಚಮಿಗೆ ಬರುವ ದಾರಿಯಲ್ಲಿ ಕೊಲ್ಹಾರದ ಸೇತುವೆಯ ನಟ್ಟನಡುವೆ ಕಾರು ನಿಂತು, ಅತ್ತೆ ಹಿಂದಿನ ಸೀಟಿನಲ್ಲಿ ರಾಮ ರಾಮ ಎನ್ನುವುದು ಈಗಲೇ ಕಣ್ಣಿಗೆ ಕಟ್ಟುತ್ತಿದೆ. ಬಂದು ಎರಡು ತಿಂಗಳಾದ ಸೊಸೆ ಬಾಯಿ ಬಿಟ್ಟರೆ, ತವರಿನ ಜಾಣತನ ತೋರಿಸುತ್ತಾಳೆ ಎನ್ನುವುದಿಲ್ಲವೇ? ಹೇಳದೆ ಹೇಗಿರಲಿ?

ಅಮ್ಮನಿಗೆ ಗಟ್ಟಿ ಅಪ್ಪುಗೆ, ನಿಮ್ಮ ಕಾಲಿಗೆ ತಲೆಯಿಟ್ಟು,
ನಿಮ್ಮ ಅಪೇಕ್ಷಾ

ತಾ.ಕ. (ಮಂಗಳವಾರ, ಅವಸರದಲ್ಲಿ): ನಿನ್ನೆ ಸಂಜೀವ ಅವರಿಗೆ ಎಲ್ಲ ಹೇಳಿಬಿಟ್ಟೆ. ಇವತ್ತು ಬೆಳಗಾಗುತ್ತಲೇ ಅವರು ಇನಾಯತ ಮಿಸ್ತ್ರಿಯನ್ನು ಬೈಕಿನಲ್ಲಿ ಕೂರಿಸಿಕೊಂಡು, ಫೋನ್ ಮಾಡದೆ ಅಡರಕಟ್ಟಿಗೆ ಹೋದರು. ತಣ್ಣಗಿದ್ದ ಇಂಜಿನ್ನು ಐದು ಸಲ ಚಾವಿ ತಿರುಗಿಸಿದ ಮೇಲೆ ಕೆಮ್ಮುತ್ತ ಎದ್ದಿತಂತೆ. “ಇದು ಪೆಟ್ರೋಲಿಗಿಂತ ಎಣ್ಣೀನ ಜಾಸ್ತಿ ಕುಡಿತೈತ್ರಿ, ಕೈ ಮುಗದ ಬಿಡ್ರಿ” ಎಂದರಂತೆ ಮಿಸ್ತ್ರಿ. ಸಂಜೀವ ಕೈ ಮುಗಿದೇ ಬಂದರು. ಈಗ ಪಂಚಮಿಗೆ ನೀ ಒಬ್ಬಳೇ ಹೋಗು, ನಾ ಯಾವ ಮುಖ ಹೊತ್ತು ಬರಲಿ ಎನ್ನುತ್ತಾರೆ. ಅವರನ್ನು ಕೇಳದೆಯೇ ಎರಡು ಟಿಕೆಟ್ ತೆಗೆಸಿದ್ದೇನೆ. ಅಪ್ಪಾ, ದಯವಿಟ್ಟು ಕಾರಿನ ಮಾತು ಎತ್ತಬೇಡಿ, ಸ್ಟೇಶನ್ನಿಗೆ ಬಂದು, ನನ್ನನ್ನು ಮಾತಾಡಿಸುವ ಮೊದಲು ಅವರ ಕೈಯಿಂದ ಚೀಲ ತಗೊಳ್ಳಿ. ರವಿವಾರ ೨೭ಕ್ಕೆ, ಹುಬ್ಬಳ್ಳಿಯಿಂದ ಬರುವ ವಿಜಯಪುರ ಪ್ಯಾಸೆಂಜರ್.