ತಪಾಸಣೆಗಾಗಿ ಸ್ವಚ್ಛವಾಗಿಟ್ಟ ಶೌಚಾಲಯ

ಮಾನ್ಯ ಶಾಲಾ ತಪಾಸಣಾಧಿಕಾರಿಗಳೇ,

ನಮ್ಮ ಪ್ರೌಢಶಾಲೆಯ ಹೆಣ್ಣುಮಕ್ಕಳ ಶೌಚಾಲಯ ತಮಗೆ ಬಹಳ ಹಿಡಿಸಿತ್ತು. ಟೈಲ್ಸ್ ಮೇಲೆ ಒಂದೂ ಕಲೆಯಿಲ್ಲ ಎಂದು ಮೆಚ್ಚಿ ಷರಾ ಬರೆದು ಹೋದಿರಿ. ಕಲೆ ಎಲ್ಲಿಂದ ಬರಬೇಕು ಸ್ವಾಮಿ? ತಾವು ಯಾವಾಗ ಬರುತ್ತೀರೋ ಎಂದು ಎರಡು ವರ್ಷ ಅದಕ್ಕೆ ಕೀಲಿ ಹಾಕಿಯೇ ಇಟ್ಟಿದ್ದೆವು. ಗಲೀಜು ಕಂಡರೆ ನೋಟಿಸ್ ಎಂದು ಮೀಟಿಂಗಿನಲ್ಲಿ ಗುಡುಗಿದವರು ತಾವು. ಕೀಲಿಕೈ ಇದ್ದದ್ದು ನನ್ನ ವ್ಯಾನಿಟಿ ಬ್ಯಾಗಿನಲ್ಲಿ. ನನ್ನ ಪಾಲನ್ನು ನಾನು ಮುಚ್ಚಿಡುವುದಿಲ್ಲ.

ತಾವು ಹೋದ ಮೇಲೆ ಮತ್ತೆ ಕೀಲಿ ಬಿತ್ತು. ಅದೇ ತಿಂಗಳು ತಮ್ಮ ಸುತ್ತೋಲೆ ಬಂತು: ಹೆಣ್ಣುಮಕ್ಕಳಿಗೆ ಮೂತ್ರನಾಳದ, ಯೋನಿಯ ಸೋಂಕುಗಳ ಬಗ್ಗೆ ಅರಿವು ಮೂಡಿಸಿ, ಫೋಟೋ ಕಳಿಸಿ. ಮೂಡಿಸಿದೆ. ನೀರು ಚೆನ್ನಾಗಿ ಕುಡಿಯಿರಿ, ಮೂತ್ರ ತಡೆದುಕೊಳ್ಳಬೇಡಿ, ಮುಂದಿನಿಂದ ಹಿಂದಕ್ಕೆ ತೊಳೆದುಕೊಳ್ಳಿ, ಒಳಗೆ ಸಾಬೂನು ಹಾಕಬೇಡಿ, ಮುಟ್ಟಿನ ಬಟ್ಟೆ ಬಿಸಿಲಿಗೆ ಒಣಗಿಸಿ. ಉರಿ, ತುರಿಕೆ, ಮೊಸರಿನಂಥ ಬಿಳಿ ಸ್ರಾವ ಕಂಡರೆ ನಾಚಿಕೆ ಬಿಟ್ಟು ಡಾಕ್ಟರ ಬಳಿ ಹೋಗಿ, ಕೊಟ್ಟ ಗುಳಿಗೆ ಪೂರ್ತಿ ಮುಗಿಸಿ ಎಂದೆ. ಒಂಬತ್ತನೇ ತರಗತಿಯ ಪಲ್ಲವಿ ಎದ್ದು ನಿಂತಳು.

“ಟೀಚರ್‍ರಿ, ನೀರ್ ಕುಡದ ಮ್ಯಾಲ ಎಲ್ಲಿ ಹೋಗ್ಬೇಕ್ರಿ?”

ಹುಡುಗಿಯರು ನಕ್ಕರು. ನಾನೂ ನಕ್ಕು, “ಕೂಡ್ಬೇ ಸುಮ್ನ” ಎಂದೆ. ಆ ನಗುವಿನ ಫೋಟೋ ತಮ್ಮ ಫೈಲಿನಲ್ಲಿದೆ, ತೆಗೆದು ನೋಡಿ.

ಯಡ್ರಾಮಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ಪಲ್ಲವಿ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ತಿರುಗಿ ಸೇರುವುದು ಸಂಜೆ ಐದಕ್ಕೆ. ಅಲ್ಲಿಯವರೆಗೆ ಹನಿ ನೀರು ಮುಟ್ಟುತ್ತಿರಲಿಲ್ಲ. ಉರಿ ಶುರುವಾದಾಗ ಅವಳ ತಾಯಿ ಮಲ್ಕಮ್ಮ, ಹೀಟ್ ಆಗಿದೆ ಎಂದು ಸಬ್ಜಾ ಬೀಜ ನೆನೆಸಿದ ನೀರು ಕೊಟ್ಟಳು. ಚಳಿಜ್ವರ ಬಂದು ಬೆನ್ನು ಹಿಡಿದಾಗ ಕಲಬುರಗಿಗೆ ಒಯ್ದರು. ಅಷ್ಟರಲ್ಲಿ ಸೋಂಕು ಕಿಡ್ನಿ ದಾಟಿ ರಕ್ತಕ್ಕೆ ಇಳಿದಿತ್ತು. ನಾಲ್ಕನೇ ದಿನ ಹುಡುಗಿ ಹೋದಳು.

ಮಗಳ ಪುಸ್ತಕ ಒಯ್ಯಲು ಬಂದ ಮಲ್ಕಮ್ಮ ನನ್ನ ಕೈ ಹಿಡಿದು ಕೇಳಿದಳು: “ನಾವು ಓದಿಲ್ದವ್ರು, ನಮಗ ತಿಳೀಲಿಲ್ರಿ. ನೀರ್ ಕುಡಿಬೇಕು, ತಡಕೋಬಾರ್ದು ಅಂತ ನೀವರ ಆಕಿಗಿ ಹೇಳಬಾರ್ದಿತ್ತೇನ್ರಿ?” ಹೇಳಿದ್ದೆ ಎನ್ನದೆ, ಪುಸ್ತಕಗಳನ್ನು ಅವಳ ಚೀಲಕ್ಕೆ ತುಂಬಿಕೊಟ್ಟೆ. ಈಗ ಬೋರ್ಡಿನ ಕಡೆ ತಿರುಗಿದರೆ ಸಾಕು, ಹಿಂದಿನ ಬೆಂಚಿನಿಂದ ಯಾರೋ ಎದ್ದು ನಿಂತಂತಾಗುತ್ತದೆ. ತಿರುಗಿ ನೋಡಲು ಭಯವಾಗುತ್ತದೆ.

ಕೀಲಿ ತೆಗೆದು ಇಪ್ಪತ್ತು ದಿನವಾಯಿತು. ಹುಡುಗಿಯರು ಅತ್ತ ಹೆಜ್ಜೆ ಹಾಕುತ್ತಿಲ್ಲ. ಯಾಕೆಂದು ಕೇಳಿದರೆ, “ಒಳಗ ಪಲ್ಲವಿ ಅದಾಳ್ರಿ” ಎನ್ನುತ್ತಾರೆ. ಬದುಕಿದ್ದಾಗ ಒಂದು ಸಲವೂ ನಾವು ಒಳಗೆ ಬಿಡದ ಹುಡುಗಿ!

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಶಾಲೆ ನಡೆಯುವಷ್ಟು ಹೊತ್ತು ಯಾವ ಶೌಚಾಲಯಕ್ಕೂ ಕೀಲಿ ಬೀಳಬಾರದೆಂದು ಬರೆದು ಆದೇಶಿಸಿ. ನಲ್ಲಿಗೆ ನೀರು, ತೊಳೆಯಲು ಒಬ್ಬ ಸಿಬ್ಬಂದಿ ಕೊಡಿ. ಮುಂದಿನ ಸಲ ಬಂದಾಗ ಆ ಟೈಲ್ಸ್ ಒಣಗಿ ಫಳಫಳ ಹೊಳೆಯುತ್ತಿದ್ದರೆ, ದಯವಿಟ್ಟು, ಆಗ ನನಗೆ ನೋಟಿಸ್ ಕೊಡಿ.

ಇಂತಿ,
ಎಲ್ಲವನ್ನೂ ಸರಿಯಾಗಿಯೇ ಹೇಳಿಕೊಟ್ಟ
ವಿಜ್ಞಾನ ಶಿಕ್ಷಕಿ