ಮಂಡಿಯಲ್ಲಿ ಮನೆ ಮಾಡಿದವರು

ಮೂಳೆ ವಾರ್ಡು, ಕಿಟಕಿ ಪಕ್ಕದ ಹಾಸಿಗೆ
ಮಾರ್ಚ್ ಹನ್ನೊಂದು, ಬುಧವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಲ್ಯಾಬಿನ ಮೆಟ್ಟಿಲ ಮೇಲೆ ಕೂತು ಎರಡು ಬಿಸ್ಕತ್ತು ತಿಂದು ಅದನ್ನೇ ಊಟ ಅಂದುಕೊಳ್ಳುತ್ತಿದ್ದೀಯಾ? ಮೊನ್ನೆ ಫೋನಿನಲ್ಲಿ ನಿನ್ನ ಗಂಟಲು ಕಟ್ಟಿತ್ತು. ಕೇಳಿದರೆ ನೆಗಡಿ ಎಂದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದ ಅತ್ತೆಗೆ ನೆಗಡಿ ಯಾವುದು, ಅಳು ಯಾವುದು ಗೊತ್ತಾಗದೇ? ನನ್ನ ಚಿಂತೆ ಬಿಡು. ಎಡ ಮಂಡಿ ಒಂದನ್ನು ಬಿಟ್ಟು ಉಳಿದ ನಾನೆಲ್ಲ ಚೆನ್ನಾಗಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡ. ಫೋನಿನಲ್ಲಿ ನೀನು “ಅತ್ತೆ, ಇನ್ನೊಂದು ವಾರ, ಒಂದೇ ಒಂದು ವಾರ” ಎಂದುಬಿಡುತ್ತೀಯ, ನಾನೂ ಸರಿ, ಕಾಯುತ್ತೇನೆ ಎಂದು ಫೋನ್ ಇಟ್ಟುಬಿಡುತ್ತೇನೆ. ಕಾಗದದಲ್ಲಿ ನಾನು ಹೇಳುವಷ್ಟನ್ನೂ ನೀನು ಕೇಳಲೇಬೇಕು. ನಿನ್ನ ಮಾವ ನಿನ್ನ ಲ್ಯಾಬಿಗೆಂದು ಬಸ್ಸಿಗೆ ಹಾಕುವ ಬಾಟಲಿ ಪೆಟ್ಟಿಗೆಯ ಮೇಲೆ ಇದನ್ನೂ ಅಂಟಿಸಿ ಕಳಿಸುತ್ತೇನೆ.

ಅವರ ಅವತಾರ ನೀನು ನೋಡಬೇಕಿತ್ತು. ಷರ್ಟಿಗೆ ಒಂದು ತೊಟ್ಟು ಟೀ ಬಿದ್ದರೆ ಮನೆ ಮೇಲೆ ಕೆಳಗೆ ಮಾಡುವ ಮನುಷ್ಯ, ಈಗ ಬಾಟಲಿಗೆ ಹಗ್ಗ ಕಟ್ಟಿಕೊಂಡು ಆಸ್ಪತ್ರೆ ಹಿಂದಿನ ಚರಂಡಿಗೆ ಬಗ್ಗಿ ನಿಲ್ಲುತ್ತಾರೆ. ಕಾವಲಿನವನು “ಏನ್ ಸಾರ್, ಉಂಗುರ ಬಿತ್ತಾ?” ಎಂದನಂತೆ. “ಇಲ್ಲಪ್ಪ, ನಮ್ಮನೆಯವಳಿಗೆ ಔಷಧಿ ಹುಡುಕ್ತಿದೀನಿ” ಎಂದರಂತೆ ಇವರು. ಆವತ್ತಿನಿಂದ ಅವನು ಇವರನ್ನು ಕಂಡರೆ ದೂರದಿಂದಲೇ ನಮಸ್ಕಾರ ಹಾಕಿ ಜಾಗ ಖಾಲಿ ಮಾಡುತ್ತಾನೆ. ಬ್ಯಾಕ್ಟೀರಿಯಾವನ್ನೇ ತಿಂದು ಬದುಕುವ ವೈರಸ್ಸು ಚರಂಡಿ ನೀರಿನಲ್ಲಿರುತ್ತದೆ ಎಂದು ನೀನು ಹೇಳಿದ್ದನ್ನು ಪಾಪ ಅವನಿಗೆ ಯಾರು ಬಿಡಿಸಿ ಹೇಳಬೇಕು!

ನನ್ನ ಮಂಡಿಯೊಳಗಿನ ಬ್ಯಾಕ್ಟೀರಿಯಾಗಳು ಮಾತ್ರ ಭಾರಿ ಮೊಂಡು. ಯಾವ ಔಷಧಿ ಚುಚ್ಚಿದರೂ ಕಾಲು ಚಾಚಿ ಮಲಗುತ್ತವೆ. ನನಗೆ ಹಾಕಿದ ಲೋಹದ ಕೀಲಿನ ಮೇಲೆ ಲೋಳೆಯ ಗೂಡು ಕಟ್ಟಿಕೊಂಡಿವೆ, ಔಷಧಿ ಒಳಗೆ ಇಳಿಯುವುದೇ ಇಲ್ಲ ಎಂದು ನೀನೇ ತಿಳಿಸಿದ್ದೆ. ಹೋದ ಭಾನುವಾರ ಒಂದು ಬಾಟಲಿಯ ನೀರು, ನನ್ನ ಮಂಡಿಯಿಂದ ತೆಗೆದು ನೀನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ್ದವನ್ನು ತಿಂದು ದುಂಡಗೆ ಖಾಲಿ ಮಾಡಿತು ಎಂದು ನೀನು ಫೋನಿನಲ್ಲಿ ಕೂಗಿದ ಕೂಗಿಗೆ ಪಕ್ಕದ ಹಾಸಿಗೆಯಾಕೆ ಎದ್ದು ಕೂತರು. ಮಾರನೆಯ ದಿನ ಆ ಖಾಲಿಯ ನಡುವೆಯೇ ಮತ್ತೆ ಚುಕ್ಕೆಗಳು ಎದ್ದವು. ವೈರಸ್ಸಿಗೂ ಬಗ್ಗದ ನಾಲ್ಕು ಉಳಿದುಕೊಂಡಿದ್ದವು, ಅವೇ ಸಂಸಾರ ಬೆಳೆಸಿದವು. ಬೆಳೆದದ್ದು ನನ್ನ ಮಂಡಿಯಲ್ಲಲ್ಲವೇ, ನನ್ನ ಹಠ ಬಾರದೆ ಇರುತ್ತದೆಯೇ?

ಕೀಲು ತೆಗೆದು ಸರಳು ಹಾಕಿ ಮೂಳೆಗೆ ಮೂಳೆ ಬೆಸೆದರೆ ಕಾಲು ಉಳಿಯುತ್ತದೆ, ಆದರೆ ಮತ್ತೆಂದೂ ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನಿನಗೆ ಗೊತ್ತು. ಮಡಚದ ಕಾಲಿಗೆ ಹೊಲಿಗೆ ಯಂತ್ರದ ಪೆಡಲು ಎಲ್ಲಿ ಎಟುಕುತ್ತದೆ? ಬಟ್ಟೆಯ ಅಳತೆಗೆ ಕತ್ತರಿಸುವ ಮುಂಚೆ ಹಳೆ ಪೇಪರಿನ ಎರಡೂ ಬದಿ ಓದಿ ಅಕ್ಷರ ಕಲಿತವಳು ನಾನು. ನನ್ನ ಶಾಲೆಯೂ ಸಂಬಳವೂ ಆ ಯಂತ್ರವೇ. ಅದು ನಿಲ್ಲಬಾರದೆಂದೇ ನೀನು ನಿದ್ದೆ ಬಿಟ್ಟಿದ್ದೀಯ. ಆದರೆ ಜ್ವರ ಏರುತ್ತಿದೆ. ನಿನ್ನೆ ಡಾಕ್ಟರು ಸ್ಟೂಲು ಎಳೆದುಕೊಂಡು ಕೂತು, “ಅಮ್ಮಾ, ಇದು ರಕ್ತಕ್ಕಿಳಿದ್ರೆ ಆಮೇಲೆ ಕಾಲಿನ ಮಾತೇ ಇರಲ್ಲ, ಜೀವದ್ದೇ” ಎಂದರು.

ಬೀದಿಗೆಲ್ಲ ಷರ್ಟು ಹೊಲಿದ ನಾನು ಸ್ವಂತ ಮಗನ ಮೊದಲ ಶಾಲೆ ಷರ್ಟಿಗೆ ಬಲದ ತೋಳು ಎಡಕ್ಕೆ, ಎಡದ್ದು ಬಲಕ್ಕೆ ಕೂರಿಸಿದ್ದೆ. ನಿನ್ನ ಗಂಡನನ್ನೇ ಕೇಳು, ಇವತ್ತಿಗೂ ಆಡಿಕೊಳ್ಳುತ್ತಾನೆ. ನಮ್ಮವರ ಕೆಲಸ ಎಂದರೆ ಕೈ ತಪ್ಪುತ್ತದೆ ಮಗಳೇ. ನೀನು ತಟ್ಟೆ ನೋಡುವಾಗ ನಿನಗೆ ಬ್ಯಾಕ್ಟೀರಿಯಾ ಕಾಣುವುದಿಲ್ಲ, ನನ್ನ ಪೆಡಲು ಕಾಣುತ್ತದೆ. ನನ್ನ ಕಾಲನ್ನು ನಿನ್ನ ಲ್ಯಾಬಿನ ಮೇಜಿನ ಮೇಲಿಂದ ಇಳಿಸಿಬಿಡು. ನೀನು ಸೋತೆ ಎಂದು ಈ ಮನೆಯಲ್ಲಿ ಯಾರೂ ಅಂದುಕೊಂಡಿಲ್ಲ, ನೀನೂ ಅಂದುಕೊಳ್ಳಕೂಡದು.

ನಿನ್ನ ಕೈಗೆ ಕಸುವು ಬರಲಿ, ಕಣ್ಣಿಗೆ ನಿದ್ದೆ ಬರಲಿ, ನೂರು ವರ್ಷ ಬಾಳು.

ಇಂತಿ,
ನಿನ್ನ ಅತ್ತೆ

ಮರೆತಿದ್ದೆ: ನಿನ್ನ ಮಾವ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ಕುಣಿಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಬೆಳಿಗ್ಗೆ ಎದ್ದವಳೇ ಕಾಲು ಬೆಸೆಯಲು ಒಪ್ಪಿ ಸಹಿ ಹಾಕಿದೆ. ನಾಳೆ ಆಪರೇಷನ್. ಗೂಡು ಕಟ್ಟಿದ ಕೀಲು ಇಡಿಯಾಗಿ ಕೈಗೆ ಸಿಕ್ಕರೆ ಎಷ್ಟೋ ತಿಳಿಯುತ್ತಿತ್ತು ಎಂದು ನೀನು ಒಮ್ಮೆ ಪೇಚಾಡಿದ್ದೆಯಲ್ಲ, ಅದನ್ನು ನಿನಗೇ ಕೊಡಬೇಕೆಂದು ಡಾಕ್ಟರನ್ನು ಒಪ್ಪಿಸಿದ್ದೇನೆ. ತೊಳೆದು ಕೊಡುತ್ತೇವೆ ಎಂದಳು ನರ್ಸು, ತೊಳೆದರೆ ಗೂಡೇ ಹೋಗುತ್ತದಲ್ಲ, ಬೈದು ಕಳಿಸಿದೆ. ಮುಚ್ಚಳ ಬಿಗಿದು ಐಸಿನಲ್ಲಿಟ್ಟು ಕೊಡುತ್ತಾರೆ, ನಿನ್ನ ಮಾವ ನಾಳೆ ಮಧ್ಯಾಹ್ನದ ಬಸ್ಸಿಗೆ ತೊಡೆಯ ಮೇಲಿಟ್ಟುಕೊಂಡು ತರುತ್ತಾರೆ. ನನ್ನ ಹತ್ತಿರ ಮಗ ಇರುತ್ತಾನೆ, ನೀನು ಇಲ್ಲಿಗೆ ಓಡಿ ಬರಬೇಡ. ಬಾಗಿಲು ತೆಗೆಯಲು ನೀನು ಅಲ್ಲಿರಬೇಕು. ಮೊದಲು ಅವರನ್ನು ಕೂರಿಸಿ ಒಂದು ಲೋಟ ಟೀ ಕೊಡು. “ನನಗೇನೂ ಭಯ ಇಲ್ಲ” ಎನ್ನುತ್ತಾರೆ, ನಂಬಬೇಡ.