ಬಿಡಿ ಬಾಲಗಳು

ಮಂಗಳವಾರ, ಮಧ್ಯಾಹ್ನ
ಎಕ್ಸ್-ರೇ ಕೋಣೆಯ ಮೇಜಿನಿಂದ

ಗಡಿಬಿಡಿ ಮಹಾರಾಯರ ಸನ್ನಿಧಿಗೆ,

ನಾನು ಬೇರೆ ಮನೆ ಮಾಡಿದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ನೀನು ನನ್ನ ಫೋನ್ ಎತ್ತುವುದಿಲ್ಲ, ಲ್ಯಾಬಿನ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತೀಯ. ಅದಕ್ಕೇ ನಿನ್ನ ಅಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಅವರೆದುರು ಹರಿದು ಬಿಸಾಡುವ ಧೈರ್ಯ ನಿನಗಿಲ್ಲ.

ನಾಳೆ ಬೆಳಿಗ್ಗೆ ನೀನು ಆಯ್ಕೆ ಸಮಿತಿಯ ಮುಂದೆ ನಿಲ್ಲುತ್ತೀಯ. ಹೊಸ ಲ್ಯಾಬಿನ ಮುಖ್ಯಸ್ಥನ ಕುರ್ಚಿ ನಿನ್ನದೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದಾರೆ. ನಿನ್ನ ಮಾದರಿಗಳ ಅಳತೆ ಮಾಡಿದವಳೆಂದು ನನ್ನನ್ನೂ ಕರೆದಿದ್ದಾರೆ. ನೀನು ತೋರಿಸಲಿರುವ ಎಕ್ಸ್-ರೇ ಚಿತ್ರ ಸುಳ್ಳಲ್ಲ, ನಾನೇ ತೆಗೆದದ್ದು. ಆದರೆ ಅದಕ್ಕೆ ನೀನು ಕೊಡುವ ಕಾರಣ ತಪ್ಪು.

ಕಾಗದ ತಲುಪಿಸಿ ಎಂದು ಫೋನ್ ಮಾಡಿದಾಗ ಅತ್ತೆ ಕೇಳಿದರು, "ಅಂಥದ್ದೇನಮ್ಮ ತಪ್ಪಾಗಿರೋದು? ನನಗೂ ತಿಳಿಯೋ ಹಾಗೆ ಹೇಳು" ಅಂತ. ನಿಮ್ಮ ಮಗ ಸೋಪಿನ ಅಣುವಿಗೊಬ್ಬ ದೈತ್ಯ ಅಣ್ಣನನ್ನು ಮಾಡಿದ್ದಾನೆ ಅತ್ತೆ, ಎಂದೆ. ನೀರು ಬಯಸುವ ದಪ್ಪ ತಲೆ, ನೀರೆಂದರೆ ಓಡುವ ಉದ್ದ ಬಾಲ. ತೆಳ್ಳಗೆ ಹರಡಿ ಬೆಚ್ಚಗಿಟ್ಟರೆ ಯಾರೂ ಮುಟ್ಟದೆ ತಾವೇ ಸಾಲುಗಟ್ಟಿ ನಿಲ್ಲುತ್ತವೆ. ತಲೆಯ ಗಾತ್ರವೊಂದೇ ಅದನ್ನೆಲ್ಲ ನಿರ್ಧರಿಸುತ್ತದೆ ಅನ್ನುವುದು ಅವನ ವಾದ, ಎಂದು ಮುಗಿಸಿದೆ. ಅತ್ತೆ ನಕ್ಕುಬಿಟ್ಟರು. "ಅಣುಗಳನ್ನೆಲ್ಲ ಜೋಡಿಸ್ತೀರಿ, ಒಂದು ಮನೇಲಿ ಇಬ್ಬರು ಕೂರೋಕೆ ಆಗಲ್ಲ ನಿಮಗೆ" ಅಂದರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನೀನು ಕಳಿಸಿದ ಎರಡನೇ ಮಾದರಿ ಸಾಲುಗಟ್ಟಲೇ ಇಲ್ಲ. ಚೆಲ್ಲಿದ ಸಾಸಿವೆಯ ಹಾಗೆ ಬಿದ್ದಿತ್ತು. ಮತ್ತೆ ಕಾಯಿಸಿದೆ. ಯಂತ್ರವನ್ನು ಅನುಮಾನಿಸಿದೆ, ನನ್ನನ್ನೂ ಅನುಮಾನಿಸಿಕೊಂಡೆ. ಆಮೇಲೆ ಹೊಳೆಯಿತು: ಈ ಸಲ ನೀನು ಚೆನ್ನಾಗಿ ತೊಳೆದಿದ್ದೀಯ. ಮೊದಲ ಸಲ ನಿನ್ನ ಎಂದಿನ ಅವಸರದಲ್ಲಿ, ತಲೆಗೆ ಅಂಟದೆ ಉಳಿದ ಬಿಡಿ ಬಾಲಗಳನ್ನು ಹಾಗೇ ಬಿಟ್ಟಿದ್ದೆ. ತಲೆಗಳು ದಪ್ಪವಾದ್ದರಿಂದ ಬಾಲಗಳ ನಡುವೆ ಸಂದು ಉಳಿಯುತ್ತದಲ್ಲ, ಅಲ್ಲಿ ಇವು ತೂರಿಕೊಂಡು ಇಡೀ ಸಾಲನ್ನು ಹಿಡಿದು ನಿಲ್ಲಿಸಿದ್ದವು.

ಇದನ್ನು ನಾನು ಸಮಿತಿಗೆ ಹೇಳಿದರೆ ಲ್ಯಾಬಿನವರು ಏನನ್ನುತ್ತಾರೆ ಗೊತ್ತು. ಗಂಡನನ್ನು ಬಿಟ್ಟವಳು ಅವನ ಕುರ್ಚಿಯನ್ನೂ ಎಳೆದಳು ಅನ್ನುತ್ತಾರೆ. ನೀನೂ ಹಾಗೇ ಅಂದುಕೊಳ್ಳುತ್ತೀಯ. ಹೇಳದಿದ್ದರೆ, ನಿನ್ನ ಮಾತು ನಂಬಿ ಇನ್ಯಾರೋ ತೊಳೆದು ತೊಳೆದು ವರ್ಷಗಟ್ಟಲೆ ತಲೆ ಚಚ್ಚಿಕೊಳ್ಳುತ್ತಾರೆ.

ಆದ್ದರಿಂದ ನೀನೇ ಹೇಳು. ನಾಳೆ, ಮೊದಲ ಮಾತಾಗಿ. ನೀನು ಬಾಯಿ ಬಿಡದಿದ್ದರೆ ನಾನು ಎದ್ದು ನಿಂತು ಹೇಳುತ್ತೇನೆ. ಹಿಂದಿನ ಹಾಗೆ ನಿನ್ನ ಬೆನ್ನಿಗೆ ನಿಲ್ಲುವುದಿಲ್ಲ. ಆ ಕಾಲ ಮುಗಿಯಿತು.

ಊಟ ಬಿಡಬೇಡ. ಅಂಗಿಯ ಕಾಲರ್ ನೋಡಿಕೋ.

ಇಂತಿ,
ಕಾಗದಪತ್ರಗಳ ಪ್ರಕಾರ ಇನ್ನೂ ನಿನ್ನವಳೇ ಆದ
ಹಠಮಾರಿ

ಮತ್ತೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಹೊಸ ಚಿತ್ರ ಬಂತು. ನಿನ್ನ ತೊಳೆದ ಮಾದರಿಗೆ ಬೇಕೆಂದೇ ಬಿಡಿ ಬಾಲ ಬೆರೆಸಿ ಕಾಯಿಸಿದ್ದೆ. ಸಾಲುಗಟ್ಟಿವೆ ಮಾರಾಯ, ಮೊದಲಿಗಿಂತ ಅಚ್ಚುಕಟ್ಟಾಗಿ! ಸಂಸ್ಥೆಯ ನಿರ್ದೇಶಕರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಇದು ಯಾರಿಗೆ ಹೊಳೆದದ್ದು?" ಅಂದರು. ನಿನ್ನ ಹೆಸರು ಹೇಳಿಬಿಟ್ಟೆ. ತಪ್ಪು ಕಂಡುಹಿಡಿದದ್ದೂ ನೀನೇ, ಹೀಗೆ ಬೆರೆಸಿ ನೋಡು ಎಂದದ್ದೂ ನೀನೇ ಎಂದೆ. ಈ ಕೋಣೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಸಂಜೆ ಅವರು ನಿನ್ನನ್ನು ವಿಚಾರಿಸುತ್ತಾರೆ. ಅಷ್ಟರೊಳಗೆ ಇದನ್ನು ಓದಿರು, ದಮ್ಮಯ್ಯ.